ರೇಡಿಯೋಥೆರಪಿಯ ವೇಳೆ ಮತ್ತು ಆನಂತರ ಚರ್ಮದ ಆರೈಕೆ ಹೇಗೆ?

ದೇಹದ ಹೊರಗಿನ ಯಂತ್ರದಿಂದ ರೇಡಿಯೋಥೆರಪಿ (ಕ್ಯಾನ್ಸರ್‌ಗೆ ಕೊಡುವ ವಿಕಿರಣ ಚಿಕಿತ್ಸೆ) ಪಡೆಯುವ ಬಹುಪಾಲು ಮಂದಿಯ ಚರ್ಮದಲ್ಲಿ ಒಂದಲ್ಲ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಅದು ಬಣ್ಣ ಬದಲಾಗುವುದು, ತುರಿಕೆ, ಬಿಗಿತ ಇಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಚರ್ಮ ಸುಲಿದು ನೀರಾಡುವ ಹಂತಕ್ಕೆ ಹೋಗುತ್ತದೆ. ಇದನ್ನು ಪೂರ್ತಿಯಾಗಿ ತಡೆಯಬಲ್ಲ ಮುಲಾಮು ಇನ್ನೂ ಇಲ್ಲ. ಆದರೆ ದಿನವೂ ಮಾಡುವ ಕೆಲವು ಸರಳ ಕೆಲಸಗಳಿಂದ ಉರಿಯನ್ನು ತಗ್ಗಿಸಬಹುದು, ಸೋಂಕನ್ನು ದೂರವಿಡಬಹುದು, ಚರ್ಮದ ತೊಂದರೆಯಿಂದ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾದ ಸಂದರ್ಭವನ್ನು ಆದಷ್ಟು ತಪ್ಪಿಸಬಹುದು. ಈ ಆರೈಕೆ ಚಿಕಿತ್ಸೆಯ ಕೊನೆಯ ದಿನಕ್ಕೆ ಮುಗಿಯುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಹಲವರಲ್ಲಿ ಅತಿ ಹೆಚ್ಚು ತೊಂದರೆ ಕಾಣಿಸುವುದು ಆಸ್ಪತ್ರೆಗೆ ಹೋಗುವುದು ನಿಂತ ಮೇಲೆಯೇ.

ಚರ್ಮಕ್ಕೆ ಆಗುವುದೇನು?

ಚರ್ಮದ ಹೊರಪದರದ ತಳದಲ್ಲಿ ಎಡೆಬಿಡದೆ ವಿಭಜನೆಯಾಗುತ್ತಿರುವ ಜೀವಕೋಶಗಳ ಸಾಲೊಂದಿದೆ. ಅಲ್ಲಿ ಹುಟ್ಟಿದ ಕೋಶವು ನಿಧಾನವಾಗಿ ಮೇಲಕ್ಕೆ ಸರಿದು, ಒಣಗಿ, ನಮ್ಮ ಅರಿವಿಗೇ ಬಾರದಂತೆ ಉದುರಿಹೋಗಲು ಸುಮಾರು 4 ವಾರ ಹಿಡಿಯುತ್ತದೆ. ವಿಕಿರಣದ ಪೆಟ್ಟು ಹೆಚ್ಚಾಗಿ ಬೀಳುವುದು ಹೀಗೆ ವಿಭಜನೆಯಲ್ಲಿ ತೊಡಗಿರುವ ಕೋಶಗಳ ಮೇಲೆ. ಮೇಲಿನ ಪದರ ಎಂದಿನಂತೆ ಉದುರುತ್ತಲೇ ಇರುತ್ತದೆ, ಆದರೆ ಕೆಳಗಿನಿಂದ ಬರಬೇಕಾದ ಹೊಸ ಕೋಶಗಳ ಪೂರೈಕೆ ಕುಗ್ಗುತ್ತದೆ. ಆದ್ದರಿಂದಲೇ ಮೊದಲ ವಾರದಲ್ಲಿ ಸಾಮಾನ್ಯವಾಗಿ ಏನೂ ಕಾಣಿಸುವುದಿಲ್ಲ. ಎರಡು-ಮೂರನೇ ವಾರದಲ್ಲಿ ಬಣ್ಣ ಬದಲಾಗಿ ಚರ್ಮ ಬಿಸಿಯೆನಿಸತೊಡಗುತ್ತದೆ. ಕೊನೆಯ ಸಿಟ್ಟಿಂಗ್ (ಒಂದು ಬಾರಿಯ ವಿಕಿರಣ ಚಿಕಿತ್ಸೆ) ಮುಗಿದ 1ರಿಂದ 2 ವಾರಗಳಲ್ಲಿ ಅದು ತಾರಕಕ್ಕೇರುತ್ತದೆ. ಇದನ್ನು ‘ಸುಟ್ಟಿದೆ’ ಎನ್ನುವುದು ವಾಡಿಕೆಯಾದರೂ ಇಲ್ಲಿ ಹಾನಿಯಾಗಿರುವುದು ಶಾಖದಿಂದಲ್ಲ. ಹಾಗಾಗಿ ಸುಟ್ಟ ಗಾಯಕ್ಕೆಂದು ನೆನಪಾಗುವ ಮನೆಮದ್ದುಗಳನ್ನು ಇಲ್ಲಿ ಪ್ರಯೋಗಿಸುವುದು ಬೇಡ.

ಎಲ್ಲರ ಚರ್ಮವೂ ಒಂದೇ ರೀತಿ ನೋಯುವುದಿಲ್ಲ. ಒಟ್ಟು ಎಷ್ಟು ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ವಿಕಿರಣ ಕೊಡಲಾಗುತ್ತದೆ, ಎಷ್ಟು ದಿನಗಳಲ್ಲಿ ಹಂಚಲಾಗುತ್ತದೆ, ಯಾವ ಭಾಗಕ್ಕೆ ಕೊಡಲಾಗುತ್ತದೆ, ಜೊತೆಯಲ್ಲಿ ಕೀಮೋಥೆರಪಿ ಅಥವಾ ಸೆಟುಕ್ಸಿಮಾಬ್‌ನಂತಹ ಕ್ಯಾನ್ಸರ್ ಔಷಧ ನಡೆಯುತ್ತಿದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಚರ್ಮಕ್ಕೆ ಚರ್ಮ ತಾಗುವ ಕಂಕುಳು, ಸ್ತನದ ಕೆಳಗಿನ ಮಡಿಕೆ, ತೊಡೆಸಂದು, ಕುತ್ತಿಗೆಯ ಮಡಿಕೆಗಳಲ್ಲಿ ಬೆವರು ಮತ್ತು ತಿಕ್ಕಾಟ ಸೇರಿ ತೊಂದರೆ ಬೇಗ ಕಾಣಿಸುತ್ತದೆ. ಕಿರಣ ಒಳಹೊಕ್ಕ ಜಾಗದಲ್ಲಿ ಮಾತ್ರವಲ್ಲ, ಅದು ದೇಹವನ್ನು ದಾಟಿ ಹೊರಬೀಳುವ ಬದಿಯಲ್ಲೂ ಚರ್ಮ ಬದಲಾಗಬಹುದು. ಎದೆಗೆ ಚಿಕಿತ್ಸೆ ಪಡೆಯುವವರು ಬೆನ್ನನ್ನೂ ಯಾರಿಂದಲಾದರೂ ನೋಡಿಸಿಕೊಳ್ಳುವುದು ಒಳ್ಳೆಯದು.

ಚಿಕಿತ್ಸೆ ಆರಂಭವಾಗುವ ಮುನ್ನ

ಯಾವ ಭಾಗದ ಚರ್ಮಕ್ಕೆ ಕಿರಣ ಬೀಳುತ್ತದೆ, ಅದರ ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಪ್ಲ್ಯಾನಿಂಗ್ (ಚಿಕಿತ್ಸೆಯ ಯೋಜನೆ ರೂಪಿಸುವ) ದಿನವೇ ಕೇಳಿ ತಿಳಿದುಕೊಳ್ಳಿ. ಆರೈಕೆಯ ನಿಯಮಗಳೆಲ್ಲ ಅಷ್ಟು ಜಾಗಕ್ಕೆ ಮಾತ್ರ. ಉಳಿದ ಚರ್ಮವನ್ನು ಎಂದಿನಂತೆ ನೋಡಿಕೊಂಡರೆ ಸಾಕು. ಎಸ್ಜಿಮಾ, ಸೋರಿಯಾಸಿಸ್‌ನಂತಹ ಚರ್ಮರೋಗ, ಮಧುಮೇಹ, ಅಂಟುಪಟ್ಟಿ ಅಥವಾ ಯಾವುದೇ ಮುಲಾಮಿನ ಅಲರ್ಜಿ ಇದ್ದರೆ ವೈದ್ಯರಿಗೆ ಆಗಲೇ ಹೇಳಬೇಕು. ಧೂಮಪಾನ ಬಿಡಲು ಇದಕ್ಕಿಂತ ತಕ್ಕ ಹೊತ್ತು ಬೇರೊಂದಿಲ್ಲ, ಏಕೆಂದರೆ ಅದು ಚರ್ಮದ ತೊಂದರೆಯನ್ನು ಹೆಚ್ಚಿಸುವುದಲ್ಲದೆ ಗಾಯ ಮಾಯುವುದನ್ನೂ ನಿಧಾನಗೊಳಿಸುತ್ತದೆ.

ಮೊದಲ ದಿನವೇ ಆ ಭಾಗದ ಚರ್ಮವನ್ನು ಒಳ್ಳೆಯ ಬೆಳಕಿನಲ್ಲಿ ಒಮ್ಮೆ ಗಮನವಿಟ್ಟು ನೋಡಿ. ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಹೋಲಿಸಲು ಸುಲಭ. ಚರ್ಮದ ಬಣ್ಣ ಗಾಢವಾಗಿರುವವರಿಗೆ ಇದು ಇನ್ನಷ್ಟು ಮುಖ್ಯ. ಪುಸ್ತಕಗಳು ‘ಕೆಂಪಾಗುವುದು’ ಎಂದು ಬರೆಯುತ್ತವೆ, ಆದರೆ ಗಾಢ ಬಣ್ಣದ ಚರ್ಮದಲ್ಲಿ ಆ ಕೆಂಪು ಕಣ್ಣಿಗೆ ಬೀಳದೆ ಹೋಗಬಹುದು. ಅದರ ಬದಲಿಗೆ ಸುತ್ತಲಿನದಕ್ಕಿಂತ ಕಪ್ಪಾಗಿ, ಕಂದಾಗಿ ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು. ಅಂಗೈಯ ಹಿಂಬದಿಯನ್ನು ಮೆಲ್ಲಗೆ ಇಟ್ಟು ನೋಡಿದಾಗ ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಬಿಗಿದುಕೊಂಡಿದೆಯೇ, ಒರಟಾಗಿದೆಯೇ ಎಂಬುದನ್ನು ಗಮನಿಸಿ. ಬಣ್ಣ ಕಾಣಲಿಲ್ಲವೆಂದು ನೋವನ್ನು ಕಡೆಗಣಿಸಬಾರದು; ಆಸ್ಪತ್ರೆಯ ಸಿಬ್ಬಂದಿ ಹಾಗೆ ಮಾಡಿದರೆ ನೀವಾಗಿಯೇ ಹೇಳಬೇಕು.

ಸ್ನಾನ ಮಾಡುವ ರೀತಿ

ಚಿಕಿತ್ಸೆ ಮುಗಿಯುವವರೆಗೆ ಆ ಭಾಗಕ್ಕೆ ನೀರು ಸೋಕಿಸಬಾರದು ಎಂಬ ಸಲಹೆ ಒಂದು ಕಾಲದಲ್ಲಿ ಇತ್ತು, ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ತೊಳೆದವರನ್ನೂ ತೊಳೆಯದವರನ್ನೂ ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ ತೊಳೆಯುವುದರಿಂದ ಹಾನಿ ಕಂಡುಬಂದಿಲ್ಲ. ಆದ್ದರಿಂದ ದಿನವೂ ಉಗುರುಬೆಚ್ಚಗಿನ ನೀರು ಮತ್ತು ಸುವಾಸನೆಯಿಲ್ಲದ ಸೌಮ್ಯ ಸೋಪಿನಿಂದ ತೊಳೆಯಬಹುದು. ಸೋಪನ್ನು ನೇರವಾಗಿ ಚರ್ಮಕ್ಕೆ ಉಜ್ಜದೆ, ಅಂಗೈಯಲ್ಲಿ ನೊರೆ ಮಾಡಿಕೊಂಡು ಸವರಿ, ಸೋಪಿನಂಶ ಉಳಿಯದಂತೆ ನೀರು ಹರಿಸಿ. ಬ್ರಷ್, ನಾರು, ಒರಟು ಬಟ್ಟೆ ಬೇಡ. ಷವರ್ ಇದ್ದರೆ ನೀರಿನ ಧಾರೆ ಆ ಭಾಗಕ್ಕೆ ರಭಸವಾಗಿ ಬೀಳದಂತೆ ಬದಿಗೆ ತಿರುಗಿ ನಿಲ್ಲಿ.

ಒರೆಸುವ ಹಂತದಲ್ಲೇ ಅವಸರ ಹೆಚ್ಚು, ಹಾನಿಯಾಗುವುದೂ ಅಲ್ಲಿಯೇ. ಮೆತ್ತನೆಯ ಟವೆಲ್ಲನ್ನು ಚರ್ಮದ ಮೇಲಿಟ್ಟು, ಒಂದು ಕ್ಷಣ ಒತ್ತಿ, ಎತ್ತಿ, ಪಕ್ಕಕ್ಕೆ ಇಡಬೇಕು, ಎಳೆಯಬಾರದು. ಮಡಿಕೆಗಳಿರುವ ಕಡೆ ಒಂದು ಕೈಯಿಂದ ಮಡಿಕೆಯನ್ನು ಮೆಲ್ಲಗೆ ಎತ್ತಿ ಹಿಡಿದು ಒಳಭಾಗವನ್ನು ಹೀಗೆಯೇ ಒತ್ತಿ ಒಣಗಿಸಿ, ಒಂದೆರಡು ನಿಮಿಷ ಗಾಳಿಯಾಡಲು ಬಿಡಿ. ಟ್ಯಾಲ್ಕಂ ಪೌಡರ್ ಹಾಕಬಾರದು, ಏಕೆಂದರೆ ಅದು ಬೆವರಿನಲ್ಲಿ ಗಂಟುಕಟ್ಟಿ ತಿಕ್ಕಾಟವನ್ನೇ ಹೆಚ್ಚಿಸುತ್ತದೆ. ಕಿರಣ ಬೀಳಬೇಕಾದ ಜಾಗ ತೋರಿಸಲು ಆಸ್ಪತ್ರೆಯಲ್ಲಿ ಪೆನ್ನಿನಿಂದ ಮಾಡಿದ ಗುರುತುಗಳಿದ್ದರೆ ಅವು ಅಳಿಯದಂತೆ ನೋಡಿಕೊಳ್ಳಿ. ಮಸುಕಾದರೆ ನೀವೇ ತಿದ್ದಿ ಬರೆಯದೆ ತಂತ್ರಜ್ಞರಿಗೆ ತಿಳಿಸಿ.

ಕ್ರೀಮ್: ಯಾವುದು, ಎಷ್ಟು, ಯಾವಾಗ

ಇಲ್ಲಿ ಸ್ವಲ್ಪ ಭೌತಶಾಸ್ತ್ರ ತಿಳಿದಿದ್ದರೆ ಗೊಂದಲ ಕಡಿಮೆಯಾಗುತ್ತದೆ. ಹಿಂದಿನ ಕಾಲದ ಕಡಿಮೆ ಶಕ್ತಿಯ ಎಕ್ಸ್-ರೇ ಯಂತ್ರಗಳಲ್ಲಿ ವಿಕಿರಣದ ಗರಿಷ್ಠ ಪ್ರಮಾಣ ಚರ್ಮದ ಮೇಲೆಯೇ ಬೀಳುತ್ತಿತ್ತು. ಇಂದಿನ ರೇಡಿಯೋಥೆರಪಿ ಯಂತ್ರವಾದ ಲೀನಿಯರ್ ಆಕ್ಸಿಲರೇಟರ್‌ನ 6 ಮೆಗಾವೋಲ್ಟ್ ಕಿರಣವಾದರೆ, ಅದರ ಗರಿಷ್ಠ ಪ್ರಮಾಣ ಸೇರುವುದು ಚರ್ಮದಿಂದ ಸುಮಾರು 1.5 ಸೆಂಟಿಮೀಟರ್ ಆಳದಲ್ಲಿ; ಚರ್ಮಕ್ಕೆ ಅಷ್ಟರ ಮಟ್ಟಿಗೆ ರಿಯಾಯಿತಿ ಸಿಗುತ್ತದೆ. ಚರ್ಮದ ಮೇಲೆ ದಪ್ಪನೆಯ ವಸ್ತುವೊಂದು ಕುಳಿತರೆ ಕಿರಣ ಅದನ್ನೇ ದೇಹದ ಮೇಲ್ಮೈ ಎಂಬಂತೆ ದಾಟಿ ಬರುವುದರಿಂದ ಗರಿಷ್ಠ ಪ್ರಮಾಣ ಚರ್ಮಕ್ಕೆ ಹತ್ತಿರವಾಗುತ್ತದೆ. ಗೆಡ್ಡೆ ಚರ್ಮದಲ್ಲೇ ಇರುವಾಗ ವೈದ್ಯರು ಬೋಲಸ್ ಎಂಬ ಹಾಳೆಯನ್ನು ಹೊದಿಸಿ ಬೇಕೆಂದೇ ಹೀಗೆ ಮಾಡುವುದುಂಟು. ಕ್ರೀಮ್ ಹಚ್ಚಿ ಬರಬೇಡಿ ಎಂಬ ಹಳೆಯ ನಿಯಮದ ಹಿಂದಿದ್ದ ಆತಂಕವೂ ಇದೇ. ಆದರೆ 1-2 ಮಿಲಿಮೀಟರಿಗೆ ಮೀರದ ತೆಳುವಾದ ಲೇಪದಿಂದ ಚರ್ಮಕ್ಕೆ ಸೇರುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಾಗುವುದಿಲ್ಲ. 3 ಮಿಲಿಮೀಟರ್ ಮೀರಿದ ದಪ್ಪ ಲೇಪವಿದ್ದಾಗ ಮಾತ್ರ ಹೆಚ್ಚಳ ಕಾಣಿಸುತ್ತದೆ ಎಂದು ಅಳತೆಗಳು ತೋರಿಸಿವೆ. ಅಷ್ಟು ದಪ್ಪಕ್ಕೆ ಯಾರೂ ದಿನನಿತ್ಯ ಕ್ರೀಮ್ ಬಳಿದುಕೊಳ್ಳುವುದಿಲ್ಲ. ಹಾಗಿದ್ದರೂ ನಿಮ್ಮ ಆಸ್ಪತ್ರೆಯಲ್ಲಿ ಸಮಯದ ನಿಯಮವಿದ್ದರೆ ಅದನ್ನೇ ಪಾಲಿಸಿ. ಸಿಟ್ಟಿಂಗ್‌ಗೆ ಸ್ವಲ್ಪ ಮೊದಲು ಹಚ್ಚುವ ಬದಲು ಮುಗಿದ ಮೇಲೆ ಹಚ್ಚಿದರೆ ತಕರಾರೇ ಇರುವುದಿಲ್ಲ.

ಸುವಾಸನೆ, ಬಣ್ಣ, ಆಲ್ಕೋಹಾಲ್, ಸೋಡಿಯಂ ಲಾರಿಲ್ ಸಲ್ಫೇಟ್ (ನೊರೆ ಬರಿಸುವ ರಾಸಾಯನಿಕ) ಇಲ್ಲದ ಸಾಮಾನ್ಯ ಮಾಯಿಶ್ಚರೈಸರ್ ಸಾಕು. ದುಬಾರಿ ಕ್ರೀಮ್‌ಗೆ ಹೆಚ್ಚಿನ ಶಕ್ತಿ ಇದೆ ಎಂದುಕೊಳ್ಳಲು ಆಧಾರವಿಲ್ಲ. ಲೋಳೆಸರದ ಜೆಲ್ ಬಗ್ಗೆ ಎಷ್ಟೇ ಪ್ರಚಾರವಿದ್ದರೂ ಪರೀಕ್ಷೆಗಳಲ್ಲಿ ಅದರ ಲಾಭ ಸ್ಪಷ್ಟವಾಗಿ ಕಂಡಿಲ್ಲ. ದಿನಕ್ಕೆ ಎರಡು ಬಾರಿ, ಶುದ್ಧವಾದ ಕೈಯಿಂದ, ರೋಮ ಬೆಳೆಯುವ ದಿಕ್ಕಿನಲ್ಲಿ, ತಿಕ್ಕದೆ ಸವರಿ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಮೊಮೆಟಾಸೋನ್‌ನಂತಹ ಸ್ಟೀರಾಯ್ಡ್ ಕ್ರೀಮ್ ಹಚ್ಚಿದಾಗ ಚರ್ಮದ ತೊಂದರೆ ಕಡಿಮೆಯಾದುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮೊದಲ ದಿನದಿಂದಲೇ ತೆಳುವಾದ ಸಿಲಿಕೋನ್ ಫಿಲ್ಮ್ ಅಂಟಿಸುವ ವಿಧಾನವೂ ಇದೆ. ಇವೆರಡೂ ವೈದ್ಯರ ಸಲಹೆಯ ಮೇರೆಗೇ ನಡೆಯಬೇಕು, ಅಂಗಡಿಯಿಂದ ತಂದು ಪ್ರಯೋಗಿಸುವಂಥವಲ್ಲ. ಚರ್ಮ ಒಡೆದ ಕೂಡಲೇ ಮಾಯಿಶ್ಚರೈಸರ್ ಆ ಜಾಗಕ್ಕೆ ಬೇಡ.

ಬಟ್ಟೆ, ಕ್ಷೌರ, ಬಿಸಿಲು

ಸಡಿಲವಾದ ಮೆತ್ತನೆಯ ಹತ್ತಿ ಬಟ್ಟೆ ಧರಿಸಿ. ಕುತ್ತಿಗೆಗೆ ಚಿಕಿತ್ಸೆಯಾದರೆ ಕಾಲರ್, ಸ್ತನಕ್ಕಾದರೆ ತಂತಿಯಿರುವ ಬ್ರಾ, ತೊಡೆಸಂದಿಗಾದರೆ ಬಿಗಿಯಾದ ಒಳಉಡುಪಿನ ಎಲಾಸ್ಟಿಕ್ ತಿಕ್ಕದಂತೆ ನೋಡಿಕೊಳ್ಳಬೇಕು. ಕ್ಷೌರ ಅನಿವಾರ್ಯವಾದರೆ ಬ್ಲೇಡಿನ ಬದಲು ಎಲೆಕ್ಟ್ರಿಕ್ ಶೇವರ್ ಬಳಸಿ. ವ್ಯಾಕ್ಸಿಂಗ್ ಮತ್ತು ರೋಮ ತೆಗೆಯುವ ಕ್ರೀಮ್ ಸಲ್ಲದು. ಡಿಯೋಡರೆಂಟ್ ಬಳಸಬಾರದು ಎಂಬ ಕಟ್ಟುನಿಟ್ಟನ್ನು ಅಧ್ಯಯನಗಳು ಸಮರ್ಥಿಸಿಲ್ಲ, ಆದ್ದರಿಂದ ಚರ್ಮ ಒಡೆಯದಿರುವವರೆಗೆ ಬಳಸಬಹುದು. ಹೀಟಿಂಗ್ ಪ್ಯಾಡ್, ಬಿಸಿನೀರಿನ ಚೀಲ, ಐಸ್ ಮೂರೂ ಬೇಡ, ಏಕೆಂದರೆ ಆ ಜಾಗದ ಚರ್ಮ ಬಿಸಿಯನ್ನೂ ಶೀತವನ್ನೂ ಎಂದಿನಂತೆ ತಾಳಿಕೊಳ್ಳುವುದಿಲ್ಲ. ಬ್ಯಾಂಡೇಜ್ ಹಾಕಬೇಕಾಗಿ ಬಂದರೆ ಅಂಟುಪಟ್ಟಿಯನ್ನು ಚಿಕಿತ್ಸೆಯ ಗಡಿಯಿಂದ ಆಚೆಗೆ ಹಚ್ಚಬೇಕು. ಕೀಳುವಾಗ ಪಟ್ಟಿಯ ಜೊತೆ ಚರ್ಮವೇ ಎದ್ದುಬರುವ ಭಯವಿದೆ. ಈಜುಕೊಳದ ಕ್ಲೋರಿನ್ ಚರ್ಮವನ್ನು ಒಣಗಿಸುತ್ತದೆ, ತೊಂದರೆ ಆರಂಭವಾದ ಮೇಲೆ ಈಜು ನಿಲ್ಲಿಸಿ. ನೇರ ಬಿಸಿಲಿಗೆ ಬಟ್ಟೆ ಅಥವಾ ಟೋಪಿಯ ಮರೆ ಇರಲಿ.

ತುರಿಕೆ ಎದ್ದಾಗ ಉಗುರು ಹಾಕಬಾರದು ಎಂದು ಹೇಳುವುದು ಸುಲಭ, ರಾತ್ರಿ ನಿದ್ದೆಯಲ್ಲಿ ಕೈ ತಾನಾಗಿ ಹೋಗುತ್ತದೆ. ಉಗುರನ್ನು ಮೋಟಾಗಿ ಕತ್ತರಿಸಿಕೊಂಡು, ಮಲಗುವ ಮುನ್ನ ಕ್ರೀಮ್ ಸವರಿಕೊಳ್ಳಿ. ತಡೆಯಲಾಗದಿದ್ದರೆ ಔಷಧ ಕೇಳಿ.

ಚರ್ಮ ಸುಲಿದು ನೀರಾಡಿದಾಗ

ಒಣ ಹೊಟ್ಟಿನಂತೆ ಸಿಪ್ಪೆ ಏಳುವುದು ಸಹಜ. ಅದನ್ನು ಕೀಳದೆ ತಾನಾಗಿ ಉದುರಲು ಬಿಡಬೇಕು. ಸಿಪ್ಪೆಯ ಕೆಳಗಿನ ಚರ್ಮ ತೇವವಾಗಿ, ಹಸಿ ಗಾಯದಂತೆ ಹೊಳೆದು, ತೆಳು ನೀರು ಜಿನುಗತೊಡಗಿದರೆ ಮನೆಯ ಆರೈಕೆಯ ಎಲ್ಲೆ ಮುಗಿಯಿತು. ಅದೇ ದಿನ ಚಿಕಿತ್ಸಾ ವಿಭಾಗಕ್ಕೆ ತಿಳಿಸಿ. ಸಾಮಾನ್ಯವಾಗಿ ಅವರು ಲವಣಯುಕ್ತ ದ್ರಾವಣದಿಂದ ತೊಳೆದು, ಗಾಯಕ್ಕೆ ಅಂಟಿಕೊಳ್ಳದ ಡ್ರೆಸ್ಸಿಂಗ್ ಇಡುತ್ತಾರೆ, ನೋವಿಗೆ ಮಾತ್ರೆ ಕೊಡುತ್ತಾರೆ. ಗಾಯವನ್ನು ಬಯಲಿಗೆ ಬಿಟ್ಟು ಒಣಗಿಸುವುದಕ್ಕಿಂತ ಹದವಾದ ತೇವದಲ್ಲಿಟ್ಟರೆ ಹೊಸ ಚರ್ಮ ಬೇಗ ಕೂಡಿಕೊಳ್ಳುತ್ತದೆ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ಕೀವು, ದುರ್ವಾಸನೆ, ರಕ್ತಸ್ರಾವ, ಇದ್ದಕ್ಕಿದ್ದಂತೆ ಏರುವ ನೋವು ಅಥವಾ 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ ಕಂಡರೆ ಮರುದಿನದ ಭೇಟಿಗೆ ಕಾಯಬಾರದು. ಜೊತೆಯಲ್ಲಿ ಕೀಮೋಥೆರಪಿ ನಡೆಯುತ್ತಿದ್ದರಂತೂ ಗಂಟೆಗಳ ವಿಳಂಬವೂ ಅಪಾಯಕಾರಿ.

ನೋವಿನ ಮಾತೆತ್ತಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ ಎಂಬ ಭಯದಿಂದ ಸುಮ್ಮನಿರುವವರು ಬಹಳ. ವಾಸ್ತವದಲ್ಲಿ ಬೇಗ ತಿಳಿಸಿದಷ್ಟೂ ಚಿಕಿತ್ಸೆ ತಡೆಯಿಲ್ಲದೆ ಸಾಗುವ ಸಾಧ್ಯತೆ ಹೆಚ್ಚುತ್ತದೆ.

ಕೊನೆಯ ಸಿಟ್ಟಿಂಗ್ ಮುಗಿದ ಮೇಲೆ

ಮೊದಲ 2 ವಾರ ಚರ್ಮ ಇನ್ನಷ್ಟು ಕೆಟ್ಟಂತೆ ಕಂಡರೆ ಗಾಬರಿ ಬೇಡ, ಆದರೆ ಆರೈಕೆಯಲ್ಲಿ ಒಂದು ದಿನವೂ ಸಡಿಲಿಕೆ ಬೇಡ. ಮೇಲೆ ಹೇಳಿದ ಎಲ್ಲವನ್ನೂ ಹಾಗೆಯೇ ಮುಂದುವರಿಸಿ. ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಚರ್ಮ ಕೂಡಿಕೊಳ್ಳುತ್ತದೆ, ಗಾಯ ಆಳವಾಗಿದ್ದವರಿಗೆ ಇನ್ನೂ ಸ್ವಲ್ಪ ಹಿಡಿಯುತ್ತದೆ. ಕಪ್ಪಾದ ಬಣ್ಣ ತಿಳಿಯಾಗಲು ತಿಂಗಳುಗಳೇ ಬೇಕು. ಹಾಗೆಂದು ಚರ್ಮವನ್ನು ಬಿಳುಪಾಗಿಸುವ ಕ್ರೀಮ್‌ಗಳ ಮೊರೆ ಹೋಗಬಾರದು. ಮನೆಗೆ ಹೋದ ಮೇಲೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕೊನೆಯ ದಿನವೇ ಬರೆದುಕೊಂಡು ಬನ್ನಿ.

ಚರ್ಮ ಪೂರ್ತಿ ಮಾಗಿದ ಮೇಲೂ ಆ ಭಾಗದ ಎಣ್ಣೆಗ್ರಂಥಿ, ಬೆವರಿನ ಗ್ರಂಥಿಗಳು ಮೊದಲಿನಂತೆ ಕೆಲಸ ಮಾಡದಿರಬಹುದು. ಒಣಗುವ ಸ್ವಭಾವ ಉಳಿಯುವುದರಿಂದ ಮಾಯಿಶ್ಚರೈಸರ್ ಅಭ್ಯಾಸವನ್ನು ಬಿಡದಿರುವುದು ಲೇಸು. ಬಿಸಿಲಿನಲ್ಲಿ ಆ ಚರ್ಮ ಬೇಗ ಕಂದುತ್ತದೆ. ಗಾಯವೆಲ್ಲ ಮಾಯ್ದ ನಂತರ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಬಟ್ಟೆಯ ಮರೆಯನ್ನೂ ಇಟ್ಟುಕೊಳ್ಳಿ; ಇದು ಒಂದು ಬೇಸಿಗೆಯ ಮಾತಲ್ಲ, ಜೀವನಪೂರ್ತಿ ಪಾಲಿಸಬೇಕಾದ ಎಚ್ಚರ.

ತಿಂಗಳು ಅಥವಾ ವರ್ಷಗಳ ನಂತರ ಕೆಲವರಲ್ಲಿ ಚರ್ಮದ ಕೆಳಗಿನ ಅಂಗಾಂಶ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ, ಸಣ್ಣ ರಕ್ತನಾಳಗಳು ಹಿಗ್ಗಿ ಜೇಡನ ಕಾಲಿನಂತಹ ಕೆಂಪು ಗೆರೆಗಳು ಮೂಡುತ್ತವೆ. ಗೆರೆಗಳಿಂದ ಅಪಾಯವಿಲ್ಲ. ಬಿಗಿತ ಮಾತ್ರ ಭುಜ ಅಥವಾ ಕುತ್ತಿಗೆಯ ಚಲನೆಗೆ ಅಡ್ಡಿಯಾಗುವುದರಿಂದ ಫಿಸಿಯೋಥೆರಪಿಯನ್ನು ಬೇಗ ಆರಂಭಿಸಬೇಕು. ಮಾಯದ ಹುಣ್ಣು, ಹೊಸ ಗಂಟು, ಬದಲಾಗುತ್ತಿರುವ ಮಚ್ಚೆ ಆ ಜಾಗದಲ್ಲಿ ಕಂಡರೆ ಎಷ್ಟು ವರ್ಷ ಕಳೆದಿದ್ದರೂ ವೈದ್ಯರಿಗೆ ತೋರಿಸಿ.

ಇನ್ನೊಂದು ವಿಚಾರ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಡಾಸಿಟಾಕ್ಸೆಲ್, ಜೆಮ್‌ಸಿಟಬಿನ್, ಡಾಕ್ಸೋರುಬಿಸಿನ್‌ನಂತಹ ಕೀಮೋಥೆರಪಿ ಔಷಧಗಳನ್ನು ರೇಡಿಯೋಥೆರಪಿ ಮುಗಿದು ವಾರಗಳೋ ತಿಂಗಳುಗಳೋ ಆದ ಮೇಲೆ ಕೊಟ್ಟಾಗ, ಅಪರೂಪಕ್ಕೆ, ಹಿಂದೆ ಕಿರಣ ಬಿದ್ದಿದ್ದ ಅದೇ ಜಾಗದಲ್ಲಿ ಚರ್ಮ ಮತ್ತೆ ಕೆಂಪೇರಿ ಉರಿಯಲು ಆರಂಭಿಸುತ್ತದೆ. ಇದಕ್ಕೆ ‘ರೇಡಿಯೇಷನ್ ರಿಕಾಲ್’ ಎನ್ನುತ್ತಾರೆ. ಅಲರ್ಜಿ ಎಂದೋ ಸೋಂಕು ಎಂದೋ ತಪ್ಪಾಗಿ ತಿಳಿಯುವ ಸಾಧ್ಯತೆ ಇರುವುದರಿಂದ, ಯಾವ ಭಾಗಕ್ಕೆ, ಯಾವ ತಿಂಗಳು, ಎಷ್ಟು ಗ್ರೇ ಕೊಡಲಾಗಿದೆ ಎಂಬ ಚಿಕಿತ್ಸಾ ಸಾರಾಂಶದ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡು, ಹೊಸ ಔಷಧ ಬರೆಯುವ ವೈದ್ಯರಿಗೂ ಆ ಭಾಗದಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಸರ್ಜನ್‌ಗೂ ಮೊದಲೇ ತೋರಿಸಬೇಕು.