ಎರಡನೇ ಕ್ಲಾಸ್ ಹಾರಿಸುವ ಮುಂಚೆ ನಾವು ನೋಡುವುದು

"ನಮ್ಮ ಹುಡುಗ ಬಲೇ ಚುರುಕು, ಒಂದು ವರ್ಷ ಮುಂದಕ್ಕೆ ಹಾಕಿ ಮೇಷ್ಟ್ರೇ" ಎಂದು ಹಾಸನದ ಕಡೆ ಅಪ್ಪ ಅಮ್ಮ ಬಂದಾಗ ನಾವು ಮೊದಲು ಕೇಳುವುದು, ಯಾವ ಕ್ಲಾಸು ಅಂತ. ರಾಜ್ಯ ಪಠ್ಯಕ್ರಮದಲ್ಲಿ ಕಡಿಮೆ ನಷ್ಟಕ್ಕೆ ಬಿಡಬಹುದಾದದ್ದು ಎರಡನೇ ತರಗತಿ ಒಂದೇ. ಮೂರು, ನಾಲ್ಕು, ಐದನ್ನು ಒಂದೊಂದು ಪೂರ್ತಿ ವರ್ಷ ಓದಿರಬೇಕೆನ್ನುವುದು ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ ಷರತ್ತು. ಮಾವಿನಕೆರೆ ನವೋದಯದ ಆಸೆಯಿದ್ದವರು ಆ ಮೂರರಲ್ಲಿ ಯಾವುದನ್ನೂ ಹಾರಿಸಲೇಬಾರದು. ಆರರಲ್ಲಿ ಹಿಂದಿ ಅಕ್ಷರದಿಂದ ಶುರು, ಪರಿಸರ ಅಧ್ಯಯನ ಹೋಗಿ ವಿಜ್ಞಾನ, ಸಮಾಜ ಬೇರೆಬೇರೆಯಾಗುತ್ತವೆ. ಆರು ಬಿಟ್ಟು ಏಳಕ್ಕೆ ಹೋದ ಮಗು ಹಿಂದಿ ಪುಸ್ತಕ ಹಿಡಿದು ಕಣ್ಣುಕಣ್ಣು ಬಿಡುತ್ತೆ.

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರರವರೆಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಇರುವುದರಿಂದ ದಾರಿ ಸಲೀಸು. ಮೂರು ತರಗತಿಯವರೂ ಒಂದೇ ಕೋಣೆಯಲ್ಲಿ, ತಟ್ಟೆ, ಅಂದರೆ ಕಲಿಕೆಯ ಗುಂಪಿನ ಪ್ರಕಾರ ಕೂತಿರುತ್ತಾರೆ. ಕಲಿಕೆಯ ಮೆಟ್ಟಿಲು ಬೇಗ ಏರಿದ ಮಗು ಯಾರಿಗೂ ಗೊತ್ತಾಗದ ಹಾಗೆ ಮುಂದೆ ಹೋಗಿರುತ್ತೆ.

ಮಗು ಹಾರಲು ತಯಾರಿದೆಯೇ ಎಂದು ನೋಡುವ ಪರೀಕ್ಷೆಗೆ ಜುಲೈ ಬೇಡ. ಸಕಲೇಶಪುರ, ಮೂಡಿಗೆರೆ ಕಡೆ ಮಳೆ ರಜೆಯಲ್ಲಿ ಪಾಠವೇ ಕುಂಟುತ್ತಿರುತ್ತೆ. ದಸರಾ ರಜೆ ಮುಗಿದ ಮೇಲೆ, ಒಂದನೇ ಕ್ಲಾಸಿನ ಮಗುವಿಗೆ ಎರಡನೇ ಕ್ಲಾಸಿನದನ್ನೇ ಕೊಡಬೇಕು.

ಸ್ಲೇಟಿನ ಮೇಲೆ 52 ರಲ್ಲಿ 27 ಕಳೆಯಲು ಹೇಳಿ. 35 ಅಂತ ಬರೆದರೆ, ಏಳರಲ್ಲಿ ಎರಡು ಕಳೆದಿದೆ ಅಂತ ಅರ್ಥ. ಮನೆಪಾಠದಲ್ಲಿ ಲೆಕ್ಕದ ರೂಪ ಕಲಿತಿದೆ, ಒಳಗಿನದಲ್ಲ. 25 ಬರೆದರೂ ಅಲ್ಲಿಗೇ ನಿಲ್ಲಿಸಬೇಡಿ. ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೈಗೆ ಕೊಟ್ಟು "27 ರೂಪಾಯಿ ಕೊಡು ಮಗ" ಅನ್ನಿ. "ಚಿಲ್ಲರೆ ಕೊಡಿ ಮಿಸ್" ಎಂದು ಒಂದು ನೋಟು ಚಾಚುವ ಮಗು ತಯಾರಿದೆ. ಮೂರು ನೋಟು ಕೊಟ್ಟು ಮೂರು ರೂಪಾಯಿ ವಾಪಸ್ ಕೇಳಿದರೆ ಇನ್ನೂ ಒಳ್ಳೆಯದು.

ಆಮೇಲೆ ಉಕ್ತಲೇಖನ. ಒತ್ತಕ್ಷರ ಇರುವ 20 ಪದಗಳಲ್ಲಿ 18 ಸರಿ ಇರಬೇಕು, ಇದು ನಾವೇ ಇಟ್ಟುಕೊಂಡ ಗೆರೆ. ಬಹಳಷ್ಟು ಮಕ್ಕಳು ಎಡವುವುದು ಇಲ್ಲಿ. ಚುರುಕು ಮಗು ಓದುವ ವೇಗಕ್ಕೂ ಬೆರಳಿಗೂ ತಾಳಮೇಳ ಇರುವುದಿಲ್ಲ. ಬೋರ್ಡಿನಿಂದ ಹತ್ತು ಸಾಲು ನಕಲು ಮಾಡುವಷ್ಟರಲ್ಲಿ ಕೈ ನೋವು ಅಂದರೆ ಬುದ್ಧಿ ಕಮ್ಮಿ ಅಂತಲ್ಲ, ಕೈ ಬಲಿತಿಲ್ಲ. ಮೂರನೇ ಕ್ಲಾಸಿನ ಬರವಣಿಗೆ ಹೊರೆಯಾಗುತ್ತೆ.

ಎರಡೂ ಗೆದ್ದರೆ ಆರು ವಾರ ಮೇಲಿನವರ ಜೊತೆ ಕೂರಿಸುತ್ತೇವೆ: ಎರಡು ವಾರ ಗಣಿತಕ್ಕೆ, ಮತ್ತೆರಡು ವಾರ ಕನ್ನಡವನ್ನೂ ಸೇರಿಸಿ, ಕೊನೆಗೆ ಪೂರ್ತಿ ದಿನ. ಹಾಜರಿಯಲ್ಲಿ ಹೆಸರು ಹಳೇ ತರಗತಿಯಲ್ಲೇ. ಅಂಕಕ್ಕಿಂತ ಬಿಸಿಯೂಟದ ಸಾಲು ನೋಡಿ. ಆರನೇ ವಾರದಲ್ಲೂ ತಟ್ಟೆ ಹಿಡಿದು ಹಳೇ ಗೆಳೆಯರ ಪಕ್ಕಕ್ಕೇ ಓಡಿದರೆ, ಅಥವಾ ಒಂಟಿಯಾಗಿ ಉಂಡರೆ, ಹಾರಿಸುವ ಮಾತು ಬಿಡಿ. ಅಣ್ಣನೋ ಅಕ್ಕನೋ ಆ ಮೇಲಿನ ಕ್ಲಾಸಲ್ಲೇ ಇದ್ದರೂ ಬೇಡ; ಮನೆಯಲ್ಲಿ ಜಗಳ ಖಾಯಂ.

ವಯಸ್ಸಿನ ಲೆಕ್ಕ ಬೆರಳಲ್ಲಿ ಹಾಕಿಬಿಡಿ. 6 ವರ್ಷಕ್ಕೆ ಸೇರಿದ ಮಗು ಒಂದು ವರ್ಷ ಹಾರಿದರೆ ಪಿಯುಸಿ ಮುಗಿಯುವ ಹೊತ್ತಿಗೆ 17. ನೀಟ್‌ಗೆ ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಬೇಕು, ಹಾಗಾಗಿ ತೊಂದರೆಯಿಲ್ಲ. 2025-26ರ ವಯೋಮಿತಿ ಸಡಿಲಿಕೆಯಲ್ಲಿ 5 ವರ್ಷ 5 ತಿಂಗಳಿಗೇ ಸೇರಿದ ಮಗು ಹಾರಿದರೆ ಮಾತ್ರ ಲೆಕ್ಕ ದಿನಗಳ ಮೇಲೆ ನಿಲ್ಲುತ್ತೆ.

ಕಾಗದಪತ್ರ ಮೊದಲೇ ಆಗಬೇಕು. ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ತರಗತಿ ವರ್ಷವರ್ಷವೂ ದಾಖಲಾಗುತ್ತೆ. ಬಾಯಿಮಾತಿನ ಮೇಲೆ ಮೂರರಲ್ಲಿ ಕೂರಿಸಿದರೆ ಟಿಸಿ ಬೇಕಾದ ದಿನ ಮಗು ಎರಡರಲ್ಲೇ ಇರುತ್ತೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಲಿಖಿತ ಒಪ್ಪಿಗೆ ಬರದಿದ್ದರೆ ಹಾರಿಸುವುದಿಲ್ಲ.

ಪೂರ್ತಿ ಗೆಲ್ಲುವವರು ಕಡಿಮೆ. ಉಳಿದವರಿಗೆ ಗಣಿತಕ್ಕೊಂದೇ ಮೇಲಿನ ಕ್ಲಾಸು. ನಾಲ್ಕು, ಐದರ ಗಣಿತವನ್ನು ವೇಳಾಪಟ್ಟಿಯಲ್ಲಿ ಒಂದೇ ಪೀರಿಯಡ್‌ಗೆ ಹಾಕಿದರೆ ಮಗು ಪುಸ್ತಕ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬರುತ್ತೆ, ಬೇರೆ ಯಾವ ಪಾಠವೂ ತಪ್ಪುವುದಿಲ್ಲ. ಇಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಇದಕ್ಕೆ ಬೇರೆ ಕೋಣೆಯೂ ಬೇಡ, ಬೆಂಚು ಬದಲಿಸಿದರೆ ಸಾಕು.