ಬ್ರಿಟನ್ನಿನಲ್ಲಿ ಹಳೇ ಸೈನಿಕ ರಿವಾಲ್ವರ್ ಕೊಳ್ಳುವ ಮುನ್ನ

ಬ್ರಿಟನ್ನಿನ ಹರಾಜುಗಳಲ್ಲಿ ಈಗಲೂ ನೂರೈವತ್ತು ವರ್ಷ ಹಳೆಯ ಸೈನಿಕ ರಿವಾಲ್ವರ್‌ಗಳು ಬರುತ್ತವೆ. ಕೆಲವನ್ನು ಲೈಸೆನ್ಸ್ ಇಲ್ಲದೆಯೇ ಕೊಂಡು ಮನೆಯಲ್ಲಿ ಇಟ್ಟುಕೊಳ್ಳಬಹುದು. ಅಷ್ಟೇ ವಯಸ್ಸಿನ ಇನ್ನೊಂದನ್ನು ಹಾಗೇ ಇಟ್ಟುಕೊಂಡರೆ ಜೈಲು. ನಿಷೇಧಿತ ಕೈಕೋವಿಗೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಶಿಕ್ಷೆ. 'ಹಳೇದು ತಾನೆ, ಏನಾಗುತ್ತೆ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಶಾಲೆಯಲ್ಲಿ ಮಕ್ಕಳ ಹತ್ಯೆಯಾಯಿತು. ಮರುವರ್ಷ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಕೈಕೋವಿಗಳನ್ನು ಬಹುಪಾಲು ನಿಷೇಧಿಸಿದರು. (ಉತ್ತರ ಐರ್ಲೆಂಡಿನ ಕಾನೂನೇ ಬೇರೆ.) ಸಂಗ್ರಹಕಾರರಿಗೆ ಲೈಸೆನ್ಸ್ ಇಲ್ಲದೆ ಉಳಿದಿರುವ ದಾರಿ 1968ರ ಫೈರ್‌ಆರ್ಮ್ಸ್ ಆಕ್ಟ್‌ನ ಸೆಕ್ಷನ್ 58 ಹಳೇ ಆಯುಧಗಳಿಗೆ ಕೊಡುವ ವಿನಾಯಿತಿ. ರಿವಾಲ್ವರ್ 1939ರ ಸೆಪ್ಟೆಂಬರ್ 1ಕ್ಕಿಂತ ಮೊದಲು ತಯಾರಾಗಿರಬೇಕು. ಅದರ ತೋಟಾ ಅಥವಾ ಸಿಡಿಯುವ ವಿಧಾನ 2021ರ ನಿಯಮಗಳ ಪಟ್ಟಿಯಲ್ಲಿ ಇರಬೇಕು. ಅದನ್ನು ನೋಡುವ ವಸ್ತುವಾಗಿ ಮಾತ್ರ ಇಟ್ಟುಕೊಳ್ಳಬೇಕು. ಹಾರಿಸುವ ಉದ್ದೇಶ ಇದ್ದರೆ ವಿನಾಯಿತಿ ಇಲ್ಲ, ಪೊಲೀಸರಿಂದ ಸರ್ಟಿಫಿಕೇಟ್ ಬೇಕು.

ಆ 2021ರ ಪಟ್ಟಿಯನ್ನು ಹಗುರವಾಗಿ ನೋಡಬೇಡಿ. ಅಪರಾಧಿಗಳು ಹಳೇ ರಿವಾಲ್ವರ್‌ಗಳಿಗೆ ತಾವೇ ಗುಂಡು ಮಾಡಿಕೊಳ್ಳಲು ಶುರುಮಾಡಿದ್ದರು. ಹಾಗಾಗಿ ಏಳು ಬಗೆಯ ತೋಟಾಗಳನ್ನು ವಿನಾಯಿತಿಯಿಂದ ತೆಗೆದರು. 1873ರ ಫ್ರೆಂಚ್ ಸೇನೆಯ 11 ಎಂಎಂ, ಜರ್ಮನ್ ಸೇನೆಯ 10.6 ಎಂಎಂ, .44 ರಷ್ಯನ್ ಎಲ್ಲವೂ ಹೋದವು. 'ಲೈಸೆನ್ಸ್ ಬೇಡ' ಎಂದು ಬರೆದಿರುವ ಹಳೇ ರಸೀದಿ ತೋರಿಸಿದರೆ ನಂಬಬೇಡಿ.

ಹೊಸಬರು ಪರ್ಕಷನ್ ರಿವಾಲ್ವರ್‌ನಿಂದ ಶುರುಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಲೋಹದ ತೋಟಾನೇ ಇಲ್ಲ, ಹಾಗಾಗಿ ತೋಟಾ ಪಟ್ಟಿಯ ಗೊಂದಲವೂ ಇಲ್ಲ. ಮದ್ದು, ಗುಂಡನ್ನು ಮುಂದಿನಿಂದ ತುಂಬಿ, ಹಿಂದೆ ಹ್ಯಾಮರ್ ಬಡಿದರೆ ಸಿಡಿಯುವ ಸಣ್ಣ ಕ್ಯಾಪ್ ಹಾಕುತ್ತಿದ್ದರು. ಇತಿಹಾಸವೂ ಇಲ್ಲಿ ಬಲು ಸೊಗಸು. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಅಮೆರಿಕದ ಕೋಲ್ಟ್, ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಇಬ್ಬರೂ ತಮ್ಮ ರಿವಾಲ್ವರ್ ಇಟ್ಟಿದ್ದರು. ಕೋಲ್ಟ್‌ನದಕ್ಕೆ ಪ್ರತಿ ಸಲ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು. ನಿಧಾನ, ಆದರೆ ಗುರಿ ಗಟ್ಟಿ. ಆಡಮ್ಸ್‌ನದಕ್ಕೆ ಟ್ರಿಗರ್ ಒತ್ತಿದರೆ ಸಾಕು. ಮೈಮೇಲೆ ಬೀಳುವ ಶತ್ರುವಿನ ಎದುರು ಇದೇ ವಾಸಿ, ಆದರೆ ಟ್ರಿಗರ್ ಭಾರವಾಗಿ ಗುರಿ ಅಲುಗುತ್ತಿತ್ತು. ಇಂಜಿನಿಯರ್ ಪಡೆಯ ಬೋಮಂಟ್ ಎಂಬ ಲೆಫ್ಟಿನೆಂಟ್ ಎರಡು ಬಗೆಯನ್ನೂ ಒಂದರಲ್ಲೇ ಕೂಡಿಸಿದ. 1856ರಲ್ಲಿ ಬ್ರಿಟಿಷ್ ಸೇನೆ ಆ ಬೋಮಂಟ್-ಆಡಮ್ಸ್ ಅನ್ನು ಒಪ್ಪಿಕೊಂಡಿತು.

ಆಗ ಅಧಿಕಾರಿಗಳು ತಮ್ಮ ರಿವಾಲ್ವರ್ ತಾವೇ ಕೊಳ್ಳುತ್ತಿದ್ದರು. ಅದಕ್ಕೇ ಒಂದೇ ಮಾದರಿಯ ಮೇಲೆ ಬೇರೆ ಬೇರೆ ಅಂಗಡಿಗಳ ಹೆಸರು. ಸರ್ಕಾರದ ಮಾಲಾದರೆ ಬಾಣದ ಗುರುತು ಇರುತ್ತದೆ. ಎರಡು ಬಾಣಗಳ ತುದಿ ಒಂದಕ್ಕೊಂದು ಎದುರಾಗಿದ್ದರೆ ಸೇನೆ ಅದನ್ನು ಮಾರಿದೆ ಎಂದರ್ಥ. ಇಂಥ ಗುರುತುಗಳೇ ಅದರ ಜಾತಕ. ಹೊಳಪು ಬರಲಿ ಎಂದು ದಯವಿಟ್ಟು ಉಜ್ಜಬೇಡಿ. ಒಮ್ಮೆ ಅಳಿಸಿದ್ದು ವಾಪಸ್ ಬರುವುದಿಲ್ಲ.

1858ರಲ್ಲಿ ಫ್ರೆಂಚ್ ನೌಕಾಪಡೆ ತೆಗೆದುಕೊಂಡ ಲಫೋಶೋ ಪಿನ್‌ಫೈರ್ (ತೋಟಾದ ಪಕ್ಕದ ಪಿನ್‌ಗೆ ಹ್ಯಾಮರ್ ಬಡಿದು ಸಿಡಿಯುವ ರಿವಾಲ್ವರ್) ಕೂಡ ಲೈಸೆನ್ಸ್ ಇಲ್ಲದ ಈ ದಾರಿಯಲ್ಲಿ ಸಿಗುವಂಥದ್ದು. ನಮಗೆಲ್ಲ ಹೆಸರು ಗೊತ್ತಿರುವ ವೆಬ್ಲಿ .455 ಮಾತ್ರ ಹಾಗಲ್ಲ. ಅದರ ತೋಟಾ ಪಟ್ಟಿಯಲ್ಲಿ ಇಲ್ಲ, ಹಾಗಾಗಿ 1887ರದ್ದೇ ಆದರೂ ಸುಮ್ನೆ ಮನೆಗೆ ತರುವಂತಿಲ್ಲ.

3 ತಿಂಗಳು ಅಥವಾ ಜಾಸ್ತಿ ಜೈಲು ಶಿಕ್ಷೆಯಾದವರಿಗೆ ಬ್ರಿಟನ್ನಿನಲ್ಲಿ ಕೋವಿ ಇಟ್ಟುಕೊಳ್ಳಲು ನಿರ್ಬಂಧ ಇದೆ. 2014ರ ಕಾನೂನು ಅದನ್ನು ಇಂಥ ಹಳೇ (ಆಂಟಿಕ್) ಕೋವಿಗಳಿಗೂ ವಿಸ್ತರಿಸಿತು.

ಊರಿಗೆ ವಾಪಸ್ ಹೋಗುವಾಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗುವ ಯೋಚನೆ ಬೇಡ. ಭಾರತದ 1959ರ ಆಯುಧ ಕಾಯ್ದೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೇ ಆಯುಧಕ್ಕೆ ಮಾತ್ರ.

ದುಡ್ಡು ಕೊಡುವ ಮೊದಲು ಕ್ಯಾಲಿಬರ್ (ನಳಿಗೆ, ತೋಟಾದ ಅಳತೆ), ತಯಾರಾದ ಕಾಲ, ಸಿಡಿಯುವ ವಿಧಾನ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಚೂರು ಅನುಮಾನ ಇದ್ದರೂ ನಿಮ್ಮ ಭಾಗದ ಪೊಲೀಸರ ಫೈರ್‌ಆರ್ಮ್ಸ್ ಲೈಸೆನ್ಸಿಂಗ್ ವಿಭಾಗಕ್ಕೆ ಬರೆದು ಕೇಳಿ, ಉತ್ತರ ಬರುವವರೆಗೆ ಮುಂಗಡವನ್ನೂ ಕೊಡಬೇಡಿ.