ಎಸಿಯಿಂದ ನೀರು ತೊಟ್ಟಿಕ್ಕುತ್ತಿದೆಯೇ? ಗ್ಯಾಸ್ ತುಂಬಿಸುವ ಮುನ್ನ ಇಷ್ಟು ನೋಡಿ

ಮಡಿಕೇರಿಯಲ್ಲಿ ಫ್ಯಾನ್ ಕೂಡ ಬೇಡದ ಮನೆಗಳು ಇವತ್ತಿಗೂ ಇವೆ. ಆದರೆ ಕುಶಾಲನಗರ, ಗೋಣಿಕೊಪ್ಪ ಕಡೆ ಮಾರ್ಚ್ ಬಂತೆಂದರೆ ಮಧ್ಯಾಹ್ನದ ಸೆಖೆ ತಡೆಯುವುದು ಕಷ್ಟ. ಹೋಂಸ್ಟೇಗಳಲ್ಲೂ ಎಸಿ ಕೋಣೆ ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ಎಸಿಗಳು ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಓಡುತ್ತವೆ. ಮಿಕ್ಕ ಕಾಲವೆಲ್ಲ ಥಂಡಿಯಲ್ಲಿ ಸುಮ್ನೆ ಗೋಡೆ ಮೇಲೆ ಕೂತಿರುತ್ತವೆ. ಹೀಗೆ ಕೂತಿರುವಾಗಲೇ ಪೈಪಿನೊಳಗೆ ಲೋಳೆ ಕಟ್ಟುತ್ತದೆ, ಹುಳ ಗೂಡು ಮಾಡುತ್ತದೆ, ಫಿಲ್ಟರಿಗೆ ಬೂಷ್ಟು ಹಿಡಿಯುತ್ತದೆ.

ಎಸಿಯಲ್ಲಿ ಸೋರುವುದು ಎರಡು: ನೀರು ಮತ್ತು ಗ್ಯಾಸ್. ನೀರು ಸೋರಿದರೆ ಗ್ಯಾಸ್ ಹೋಗಿದೆ ಎಂದುಕೊಂಡು ದುಡ್ಡು ಕಳೆದುಕೊಳ್ಳುವವರಿದ್ದಾರೆ. ಅದಕ್ಕೇ ಮೊದಲು ನೀರಿನ ವಿಚಾರ.

ಒಳಗಿನ ಯೂನಿಟ್‌ನ ಕಾಯಿಲ್ ತಣ್ಣಗಾದಾಗ ಕೋಣೆಯ ಗಾಳಿಯಲ್ಲಿರುವ ತೇವ ಅದರ ಮೇಲೆ ಹನಿಗಟ್ಟುತ್ತದೆ. ಆ ನೀರು ಕೆಳಗಿನ ತಟ್ಟೆಗೆ ಇಳಿದು, ಡ್ರೈನ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಸಾಮಾನ್ಯವಾಗಿ ಸ್ಪ್ಲಿಟ್ ಎಸಿಗಳಲ್ಲಿ ಇದಕ್ಕೆ ಪಂಪು ಇರುವುದಿಲ್ಲ, ಇಳಿಜಾರು ಸಿಕ್ಕರೆ ಮಾತ್ರ ನೀರು ಹರಿಯುತ್ತದೆ. ಆದ್ದರಿಂದ ಹೊರಗಡೆ ಪೈಪಿನಿಂದ ನೀರು ಬಿದ್ದರೆ ಗಾಬರಿ ಬೇಡ, ಎಸಿ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಒಳಗೆ ತೊಟ್ಟಿಕ್ಕಿದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಎಸಿ ಬಂದ್ ಇದ್ದಾಗಲೂ, ಜೋರು ಮಳೆ ಬಂದಾಗ ಗೋಡೆ ಒದ್ದೆಯಾಗುತ್ತಿದೆಯೇ? ಹಾಗಿದ್ದರೆ ಅದು ಎಸಿಯ ನೀರೇ ಅಲ್ಲ, ಪೈಪಿಗಾಗಿ ಕೊರೆದ ತೂತಿನಿಂದ ಬರುವ ಮಳೆನೀರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುವ ನಮ್ಮಲ್ಲಿ ಇದನ್ನು ಮರೆಯಲೇಬಾರದು. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಸುತ್ತಲಿನ ಸಂದನ್ನು ಸಿಲಿಕಾನ್ ಹಾಕಿ ಮುಚ್ಚಿಸಿ. ಹೊರಗಿನಿಂದ ಬರುವ ಪೈಪುಗಳನ್ನು ತೂತಿಗಿಂತ ಕೆಳಗೆ ಬಗ್ಗಿಸಿ, ಆಮೇಲೆ ಮೇಲಕ್ಕೆ ತಂದು ಒಳಗೆ ಬಿಡಬೇಕು. ಆಗ ಪೈಪಿನ ಮೇಲೆ ಹರಿದು ಬರುವ ಮಳೆನೀರು ಆ ಬಾಗಿನಲ್ಲೇ ಕೆಳಗೆ ಬೀಳುತ್ತದೆ. ಹೊಸದಾಗಿ ಎಸಿ ಕೂರಿಸುವವರು ಇದನ್ನು ಎದುರಿಗೇ ನಿಂತು ಮಾಡಿಸಿ.

ಎಸಿ ಓಡುವಾಗ ಅಥವಾ ಆಫ್ ಮಾಡಿದ ಕೂಡಲೇ ಮಾತ್ರ ನೀರು ಬೀಳುತ್ತಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ಹೊರತೆಗೆಯಿರಿ. ಬೆಳಕಿಗೆ ಹಿಡಿದು ನೋಡಿ. ಜಾಲರಿಯ ಕಣ್ಣುಗಳಲ್ಲಿ ಬೂದುಬಣ್ಣದ ಪದರ ಕಟ್ಟಿ, ಆಚೆಯ ಬೆಳಕು ಕಾಣದಿದ್ದರೆ ಗಾಳಿಗೂ ದಾರಿಯಿಲ್ಲ. ಗಾಳಿ ಸರಿಯಾಗಿ ಹಾಯದಿದ್ದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ಆಫ್ ಮಾಡಿದ ಮೇಲೆ ಅದು ಕರಗಿ ತಟ್ಟೆ ತುಂಬಿ ಸುರಿಯುತ್ತದೆ. ಫಿಲ್ಟರನ್ನು ನಲ್ಲಿ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಿ. ಎಸಿ ಓಡುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿದರೆ ಅರ್ಧ ತಲೆನೋವು ಕಡಿಮೆ.

ಆಮೇಲೆ ಡ್ರೈನ್ ಪೈಪು. ಸ್ವಿಚ್ ಆಫ್ ಇರುವಾಗಲೇ ತಟ್ಟೆಗೆ ಒಂದು ಲೋಟ ನೀರನ್ನು ನಿಧಾನಕ್ಕೆ ಬಿಡಿ, ವೈರಿಂಗ್ ಇರುವ ಕಡೆ ಮಾತ್ರ ತಾಗಬಾರದು. ಹೊರಗೆ ಇನ್ನೊಬ್ಬರು ಪೈಪಿನ ತುದಿ ನೋಡುತ್ತಿರಲಿ. ನೀರು ಸಲೀಸಾಗಿ ಬಂದರೆ ಪೈಪು ಸರಿಯಿದೆ. ತಡೆದು ತಡೆದು ಬಂದರೆ ಒಳಗೆ ಲೋಳೆ ಇದೆ. ಬರದೇ ಇದ್ದರೆ ತುದಿಯಲ್ಲಿ ಕಣಜ ಮಣ್ಣು ಮೆತ್ತಿರಬಹುದು, ತೋಟದ ಪಕ್ಕದ ಮನೆಗಳಲ್ಲಿ ಅದಂತೂ ಹೊಸದಲ್ಲ. ಕಡ್ಡಿಯಿಂದ ಮಣ್ಣು ಬಿಡಿಸಿ. ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹೊರಗಿನ ತುದಿಯಿಂದ ಎಳೆಯಿರಿ. ಹೊರಗಿನಿಂದ ಊದಿದರೆ ಕೊಳೆ ವಾಪಸ್ ತಟ್ಟೆಗೇ ಹೋಗುತ್ತದೆ. ಪೈಪು ನಡುವೆ ಎಲ್ಲೂ ಜೋತು ಬಿದ್ದಿರಬಾರದು, ತುದಿ ಬಕೆಟ್ಟಿನ ನೀರಲ್ಲಿ ಮುಳುಗಿರಬಾರದು. ಇದೆಲ್ಲ ಸರಿಯಿದ್ದೂ ನೀರು ಬಿದ್ದರೆ ಯೂನಿಟ್ ಮೇಲೆ ರಸಮಟ್ಟ ಇಟ್ಟು ನೋಡಿ, ಡ್ರೈನ್ ಇಲ್ಲದ ಕಡೆಗೆ ವಾಲಿರಬಹುದು.

ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟು 18 ಡಿಗ್ರಿಗೆ ಎಸಿ ಹಾಕಿದರೆ ಗಾಳಿ ಬರುವ ರೆಕ್ಕೆಗಳ ಮೇಲೇ ನೀರು ಬೆವರುತ್ತದೆ. ಅದು ರಿಪೇರಿಯ ವಿಷಯವಲ್ಲ. ಕಿಟಕಿ ಮುಚ್ಚಿ, 24ರಿಂದ 26ರಲ್ಲಿ ಇಡಿ, ಇಲ್ಲವೇ ಡ್ರೈ ಮೋಡ್ ಹಾಕಿ.

ಇನ್ನು ಗ್ಯಾಸ್. ಬೈಕಿನ ಪೆಟ್ರೋಲಿನಂತೆ ಇದು ಓಡಿದಷ್ಟೂ ಖರ್ಚಾಗುವಂಥದ್ದಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ, ಹಾಕಿದಾಗಲೇ ಕಡಿಮೆ ಹಾಕಿರದಿದ್ದರೆ, ಎಲ್ಲೋ ಸೋರಿದೆ. ಅದಕ್ಕೇ 'ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು' ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಕೋಣೆ ತಣ್ಣಗಾಗಲು ಮೊದಲಿಗಿಂತ ಬಹಳ ಹೊತ್ತು ಬೇಕೇ? ಹೊರಗಿನ ಯೂನಿಟ್‌ಗೆ ಸೇರುವ ಸಣ್ಣ ತಾಮ್ರದ ಪೈಪಿನ ಮೇಲೆ ಮಂಜು ಕೂತಿದೆಯೇ? ನಟ್ ಹತ್ತಿರ ಎಣ್ಣೆ ಜಿಡ್ಡಿದೆಯೇ? ಫಿಲ್ಟರ್ ತೊಳೆದ ಮೇಲೂ ಕಾಯಿಲ್‌ಗೆ ಐಸ್ ಕಟ್ಟುತ್ತಿದೆಯೇ? ಹೌದಾದರೆ ಎಸಿ ಬಂದ್ ಮಾಡಿ ಮೆಕ್ಯಾನಿಕ್ಕರನ್ನು ಕರೆಯಿರಿ. ಇದು ಮನೆಯಲ್ಲಿ ಕೈ ಹಾಕುವ ಕೆಲಸವಲ್ಲ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಗ್ಯಾಸಿಗೆ ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ. ಕಿಟಕಿ ತೆರೆದಿಡಿ, ದೀಪ, ಊದುಬತ್ತಿ ಹತ್ತಿರ ಬೇಡ.

ಮೆಕ್ಯಾನಿಕ್ ಬಂದಾಗ ಕೇಳಲು ಹಿಂಜರಿಯಬೇಡಿ: 'ಅಣ್ಣಾ, ಎಲ್ಲಿ ಲೀಕ್ ಅಂತ ಮೊದಲು ತೋರಿಸಿ.' ನೈಟ್ರೋಜನ್ ಒತ್ತಡ ಕೊಟ್ಟು ಜಾಯಿಂಟಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ, ನೀವೇ ಕಣ್ಣಾರೆ ನೋಡಬಹುದು. ಅದನ್ನು ಸರಿಮಾಡಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದ ಮೇಲೆಯೇ ಗ್ಯಾಸ್ ಹಾಕಬೇಕು. ಎಷ್ಟು ಗ್ರಾಂ, ಯಾವ ಗ್ಯಾಸ್ ಎಂದು ಯೂನಿಟ್ ಮೇಲಿನ ಚೀಟಿಯಲ್ಲಿರುತ್ತದೆ. ತಕ್ಕಡಿ ಇಟ್ಟೇ ತುಂಬಿಸಲಿ.

ಮೇ ಕೊನೆಗೆ ಎಸಿ ನಿಲ್ಲಿಸುವಾಗ ಫ್ಯಾನ್ ಮೋಡಿನಲ್ಲಿ ಒಂದು ಗಂಟೆ ಓಡಿಸಿ ಕಾಯಿಲ್ ಒಣಗಿಸಿ. ಡ್ರೈನ್ ಪೈಪಿನ ತುದಿಗೆ ಸೊಳ್ಳೆ ಜಾಲರಿಯ ತುಂಡು ಕಟ್ಟಿ, ಮತ್ತೆ ಎಸಿ ಹಾಕುವಾಗ ಅದನ್ನು ಬಿಚ್ಚಿ ತೊಳೆಯಿರಿ. ಹೊರಗಿನ ಯೂನಿಟ್ಟಿಗೆ ಸುತ್ತ ಪ್ಲಾಸ್ಟಿಕ್ ಬಿಗಿಯಬೇಡಿ, ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ, ಇಲಿಗಳಿಗೂ ಬೆಚ್ಚನೆಯ ಮನೆಯಾಗುತ್ತದೆ. ಮೇಲ್ಗಡೆ ಮಾತ್ರ ತಗಡು ಮುಚ್ಚಿದರೆ ಸಾಕು.